ಕಿಡ್ನಿ ಕಸಿ ಆದವರ ಮೈಮೇಲೆ ಎದ್ದ ನೋವಿಲ್ಲದ ಗಂಟುಗಳು: ಒಂದು ಪ್ರಕರಣ ಅಧ್ಯಯನ

ಲ್ಯಾಬಿನಿಂದ ‘ಬ್ಯಾಕ್ಟೀರಿಯಾ ಬೆಳೆದಿಲ್ಲ’ ಅಂತ ರಿಪೋರ್ಟ್ ಬಂದರೆ, ‘ಅಲ್ಲಿ ಬ್ಯಾಕ್ಟೀರಿಯಾ ಇಲ್ಲ’ ಎಂದೇ ನಾವು ಓದಿಕೊಳ್ಳುತ್ತೇವೆ. ಎರಡೂ ಒಂದೇ ಮಾತಲ್ಲ. ಮಾದರಿಯನ್ನು ಯಾವ ಮಾಧ್ಯಮದ (ಬ್ಯಾಕ್ಟೀರಿಯಾ ಬೆಳೆಸಲು ಇಡುವ ಆಹಾರದ) ಮೇಲೆ ಹಾಕಿದರು, ಎಷ್ಟು ಬಿಸಿಯಲ್ಲಿ ಇಟ್ಟರು, ಎಷ್ಟು ದಿನ ಕಾದರು ಎಂಬುದರ ಮೇಲೆ ಆ ಉತ್ತರ ನಿಂತಿರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದವರ ಚರ್ಮದ ಸೋಂಕಿನಲ್ಲಿ ಈ ಒಂದು ವ್ಯತ್ಯಾಸ ತಿಂಗಳುಗಟ್ಟಲೆ ಸಮಯ ತಿಂದುಹಾಕುತ್ತದೆ.

ಇದನ್ನು ತೋರಿಸಲು ಒಂದು ಪ್ರಕರಣವನ್ನು ಮೊದಲಿನಿಂದ ಬಿಡಿಸಿ ಹೇಳುತ್ತೇನೆ. ರೋಗಿ ಯಾರೋ ಒಬ್ಬ ನಿರ್ದಿಷ್ಟ ವ್ಯಕ್ತಿ ಅಲ್ಲ. ಇಂಥವರಲ್ಲಿ ಮತ್ತೆ ಮತ್ತೆ ಕಾಣುವ ಹಾದಿಯನ್ನು ಒಬ್ಬರ ಕಥೆಯಾಗಿ ಜೋಡಿಸಿದ್ದೇನೆ. ಹಾಗಾಗಿ ವಯಸ್ಸು, ರಕ್ತದ ಅಂಕಿ, ದಿನಗಳ ಲೆಕ್ಕ ಉದಾಹರಣೆಗೆ ಮಾತ್ರ. ಬ್ಯಾಕ್ಟೀರಿಯಾದ ಗುಣ, ಔಷಧಿಗಳ ನಡವಳಿಕೆ, ಲ್ಯಾಬಿನ ಕೆಲಸ ಇವೆಲ್ಲ ಇರುವ ಹಾಗೆಯೇ ಇವೆ.

ರೋಗಿ ಮತ್ತು ಮೊದಲ ಗಂಟು

54 ವರ್ಷದ ಮಹಿಳೆ. ಕಿಡ್ನಿ ಕಸಿ ಆಗಿ 3 ವರ್ಷ. ಹೊಸ ಕಿಡ್ನಿಯ ಮೇಲೆ ದೇಹ ತಿರುಗಿ ಬೀಳದಿರಲಿ ಎಂದು ದಿನಾ ಮೂರು ಔಷಧಿ: ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಕಡಿಮೆ ಡೋಸಿನ ಪ್ರೆಡ್ನಿಸೊಲೋನ್. ಕಿಡ್ನಿಯ ಕೆಲಸವನ್ನು ಅಳೆಯುವ ರಕ್ತದ ಅಂಕಿ ಕ್ರಿಯಾಟಿನಿನ್ (ಏರಿದರೆ ಕಿಡ್ನಿ ಸೊರಗಿದೆ ಎಂದರ್ಥ) 1.2 ಹತ್ತಿರ ನಿಂತಿತ್ತು. ಎಲ್ಲ ಸರಿಯಾಗಿಯೇ ನಡೆದಿತ್ತು.

ಎಡ ಪಾದದ ಕೀಲಿನ ಹೊರಬದಿಯಲ್ಲಿ ಒಂದು ಸಣ್ಣ ಗಂಟು ಎದ್ದಿತು. ಅಗಲ ಸುಮಾರು 5 ಮಿಲಿಮೀಟರ್. ಬಣ್ಣ ಕೆಂಪಲ್ಲ, ನೇರಳೆ ಕಡೆಗೆ ವಾಲಿದ ಕಪ್ಪು. ನೋವಿಲ್ಲ, ತುರಿಕೆ ಇಲ್ಲ, ಜ್ವರ ಇಲ್ಲ. ಎರಡು ವಾರದಲ್ಲಿ ಅದರ ಪಕ್ಕ ಇನ್ನೊಂದು. ಆಮೇಲೆ ಬಲ ಮೊಣಕೈ ಮೇಲೆ, ನಂತರ ಬಲಗೈ ಬೆರಳಿನ ಗೆಣ್ಣಿನ ಮೇಲೆ.

“ಡಾಕ್ಟ್ರೇ, ಸುಮ್ನೆ ಗಂಟು ಅಷ್ಟೇ. ನೋವೇ ಇಲ್ಲ. ಇದಕ್ಕೆಲ್ಲ ಬರಬೇಕಾ ಅಂತ ತಡ ಮಾಡಿದೆ.”

“ಬಂದಿದ್ದು ಒಳ್ಳೆಯದೇ ಆಯ್ತಮ್ಮ. ನೀವು ತಗೊಳ್ಳೋ ಮಾತ್ರೆಗಳಿಗೆ ನೋವನ್ನೂ ಜ್ವರವನ್ನೂ ಅಡಗಿಸಿಡೋ ಶಕ್ತಿ ಇದೆ.”

ಈ ಕೊನೆಯ ಮಾತು ಮುಖ್ಯ. ಗಾಯ ಕೆಂಪಾಗೋದು, ಬಿಸಿಯಾಗೋದು, ಬಾವು ಬರೋದು, ಜ್ವರ ಬರೋದು ಇವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾ ನೇರವಾಗಿ ಮಾಡುವ ಕೆಲಸ ಅಲ್ಲ. ನಮ್ಮ ದೇಹ ಅದರ ಜೊತೆ ಹೋರಾಡುವಾಗ ಹುಟ್ಟುವ ಗದ್ದಲ. ಹೋರಾಡುವ ಶಕ್ತಿಯನ್ನೇ ಔಷಧಿಯಿಂದ ತಗ್ಗಿಸಿದ್ದರೆ ಗದ್ದಲ ಕೇಳಿಸುವುದಿಲ್ಲ. ಸೋಂಕು ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಹಾಗಾಗಿ ಕಸಿ ಆದವರಲ್ಲಿ ‘ನೋವಿಲ್ಲದ ಗಂಟು’ ಎಂದರೆ ಸಮಾಧಾನ ಪಡುವ ಸಂಗತಿಯೇ ಅಲ್ಲ.

ಮೊದಲ ನಾಲ್ಕು ತಿಂಗಳು

ಮೊದಲು ಹತ್ತು ದಿನ ಸಾಮಾನ್ಯ ಆ್ಯಂಟಿಬಯೋಟಿಕ್. ಚರ್ಮದ ಸೋಂಕಿಗೆ ಎಲ್ಲೆಡೆ ಮೊದಲು ಕೊಡುವಂಥದ್ದೇ. ಏನೂ ಬದಲಾಗಲಿಲ್ಲ. ಅಷ್ಟರಲ್ಲಿ ಪಾದದ ಮೇಲಿನ ಗಂಟು ಮೆತ್ತಗಾಗಿ ಒಡೆದು, ತೆಳ್ಳನೆಯ ಕೀವು ಬಂತು. ಸ್ವ್ಯಾಬ್ ಹಾಕಿ ಒರೆಸಿ ಲ್ಯಾಬಿಗೆ ಕಳಿಸಿದರು. ಎರಡು ದಿನಕ್ಕೆ ರಿಪೋರ್ಟ್ ಬಂತು: ಎಲ್ಲರ ಚರ್ಮದ ಮೇಲೂ ಸದಾ ಇರುವ ಒಂದು ಜಾತಿಯ ಸ್ಟ್ಯಾಫಿಲೊಕಾಕಸ್. ಅದು ಹುಣ್ಣಿನ ಮೇಲೆ ಬಂದು ಕೂತಿತ್ತೇ ಹೊರತು ಹುಣ್ಣಿಗೆ ಕಾರಣ ಅಲ್ಲ. ಆದರೂ ಹೆಸರು ಸಿಕ್ಕಿತಲ್ಲ, ಅದಕ್ಕೆ ತಕ್ಕ ಇನ್ನೊಂದು ಆ್ಯಂಟಿಬಯೋಟಿಕ್ ಶುರುವಾಯಿತು.

ಅದೂ ಫಲ ಕೊಡದಾಗ ಬಯಾಪ್ಸಿ ಆಯಿತು. ಗಂಟಿನ ತುಂಡನ್ನು ಪೂರ್ತಿ ಫಾರ್ಮಲಿನ್ ಬಾಟಲಿಗೆ ಹಾಕಿದರು. ರೂಢಿ ಹಾಗೇ ಇದೆ. ಫಾರ್ಮಲಿನ್‌ನಲ್ಲಿ ಅಂಗಾಂಶ ಚೆನ್ನಾಗಿ ಉಳಿಯುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಅಂದರೆ ಆ ತುಂಡಿನಿಂದ ಇನ್ನು ಏನನ್ನೂ ಬೆಳೆಸಲು ಆಗುವುದಿಲ್ಲ. ಪೆಥಾಲಜಿ ರಿಪೋರ್ಟ್‌ನಲ್ಲಿ ಕೀವಿನ ಕಣಗಳು, ಅಲ್ಲಲ್ಲಿ ಅರ್ಧಂಬರ್ಧ ರೂಪುಗೊಂಡ ಗ್ರ್ಯಾನ್ಯುಲೋಮಾ (ಸೋಂಕನ್ನು ಸುತ್ತುವರಿಯುವ ಕಣಗಳ ಮುದ್ದೆ), ಜೊತೆಗೆ ಟಿಬಿ ಕುಟುಂಬದ ಬ್ಯಾಕ್ಟೀರಿಯಾ ಗುರುತಿಸಲು ಹಾಕುವ ಝೀಲ್-ನೀಲ್ಸನ್ ಬಣ್ಣದಲ್ಲಿ ಕೆಂಪಗೆ ಕಂಡ ಕಡ್ಡಿಯಾಕಾರದ, ಆ್ಯಸಿಡ್-ಫಾಸ್ಟ್ ಎನ್ನುವ ಬ್ಯಾಕ್ಟೀರಿಯಾಗಳ ಸಣ್ಣ ಗುಂಪುಗಳು.

ಕೆಂಪು ಕಡ್ಡಿ ಕಂಡ ಕೂಡಲೇ ಟಿಬಿ ನೆನಪಾಗುವುದು ಸಹಜ. ಕಸಿ ಆದವರಲ್ಲಿ ಟಿಬಿ ಜಾಸ್ತಿ ಎಂಬುದೂ ನಿಜ. ಪುಪ್ಪುಸದ ಸ್ಕ್ಯಾನ್ ಸರಿಯಾಗಿತ್ತು. ಹುಣ್ಣಿನ ಕೀವಿನಲ್ಲಿ ಟಿಬಿಯ ಜೀನ್ ಪರೀಕ್ಷೆ ನೆಗೆಟಿವ್. ಆದರೂ ಕಾಯುವುದಕ್ಕಿಂತ ಶುರು ಮಾಡುವುದು ಮೇಲು ಎಂದು ನಾಲ್ಕು ಔಷಧಿಗಳ ಟಿಬಿ ಚಿಕಿತ್ಸೆ ಆರಂಭಿಸಿದರು: ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್.

ಮೂರು ವಾರದಲ್ಲಿ ಎರಡು ಸಂಗತಿ ನಡೆದವು. ಒಂದೆರಡು ಗಂಟು ಸ್ವಲ್ಪ ಇಳಿದವು. ಕ್ರಿಯಾಟಿನಿನ್ 1.2ರಿಂದ 1.7ಕ್ಕೆ ಏರಿತು.

ಗಂಟು ಇಳಿದದ್ದು ದಾರಿ ತಪ್ಪಿಸಿತು. ‘ಔಷಧಿ ಹಿಡೀತಾ ಇದೆ, ಹಾಗಾದರೆ ಟಿಬಿಯೇ’ ಎಂದು ಎಲ್ಲರಿಗೂ ಅನಿಸಿತು. ಕ್ರಿಯಾಟಿನಿನ್ ಏರಿದ್ದಕ್ಕೆ ಕಾರಣ ಹುಡುಕಿದಾಗ ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಪಾತಾಳಕ್ಕೆ ಇಳಿದಿತ್ತು. ಲಿವರ್ ಮತ್ತು ಕರುಳಿನಲ್ಲಿ ಸಿವೈಪಿ3ಎ4 ಎಂಬ ಕಿಣ್ವ ಇದೆ. ಟ್ಯಾಕ್ರೊಲಿಮಸ್ ಅನ್ನು ಒಡೆಯುವುದು ಅದೇ. ರಿಫಾಂಪಿಸಿನ್ ಆ ಕಿಣ್ವವನ್ನು ಜೋರಾಗಿ ಹೆಚ್ಚಿಸುತ್ತದೆ. ನುಂಗಿದ ಟ್ಯಾಕ್ರೊಲಿಮಸ್ ಕೆಲಸ ಮಾಡುವ ಮೊದಲೇ ಒಡೆದು ಹೋಗುತ್ತದೆ. ಕಸಿ ಮಾಡಿದ ಕಿಡ್ನಿಗೆ ಆಗ ಕಾವಲೇ ಇಲ್ಲ. ಡೋಸ್ ಎರಡು ಪಟ್ಟು, ಆಮೇಲೆ ಇನ್ನೂ ಜಾಸ್ತಿ ಮಾಡಿ ಹೇಗೋ ಮಟ್ಟ ಹಿಡಿದರು. ಈ ಜಾಸ್ತಿ ಮಾಡಿದ ಡೋಸಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಅಷ್ಟರಲ್ಲಿ ಎಡಗಾಲಿನಲ್ಲಿ ಇನ್ನೂ ಮೂರು ಹೊಸ ಗಂಟು ಎದ್ದವು. ಮೊದಲ ಗಂಟಿನಿಂದ ನಾಲ್ಕು ತಿಂಗಳು ಕಳೆದಿತ್ತು.

ಕಾಗದದ ಮೇಲೆ ಮೊದಲ ಮರುಓದು

ಈ ಹಂತದಲ್ಲಿ ಪ್ರಕರಣವನ್ನು ಹೊಸ ಕಣ್ಣಿನಿಂದ ನೋಡುವವರು ಏನು ಮಾಡಬೇಕು? ನನ್ನ ಪ್ರಕಾರ ಮೊದಲ ಪ್ರಶ್ನೆ ‘ಯಾವ ಬ್ಯಾಕ್ಟೀರಿಯಾ?’ ಎಂದಲ್ಲ. ‘ರೋಗನಿರೋಧಕ ವ್ಯವಸ್ಥೆಯ ಯಾವ ಭಾಗ ಕುಗ್ಗಿದೆ?’ ಎಂಬುದು. ‘ಇಮ್ಯುನಿಟಿ ಕಮ್ಮಿ’ ಅನ್ನೋ ಒಂದೇ ಮಾತಿನಲ್ಲಿ ಬೇರೆ ಬೇರೆ ಸ್ಥಿತಿಗಳನ್ನು ಸೇರಿಸಿಬಿಡುತ್ತೇವೆ. ಆ ಸ್ಥಿತಿಗಳಿಗೆ ಬರುವ ಅತಿಥಿಗಳು ಬೇರೆ, ಅವು ಬರುವ ವೇಗವೂ ಬೇರೆ.

ಕ್ಯಾನ್ಸರ್ ಔಷಧಿಯಿಂದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ ತೀರ ಇಳಿದವರಲ್ಲಿ ಸ್ಯೂಡೊಮೊನಾಸ್ ರಕ್ತಕ್ಕೆ ನುಗ್ಗಿ ಎಕ್ಥೈಮಾ ಗ್ಯಾಂಗ್ರಿನೋಸಮ್ ಮಾಡುತ್ತದೆ. ಕೆಂಪು ಮಚ್ಚೆಯೊಂದು 12ರಿಂದ 24 ಗಂಟೆಯೊಳಗೆ ನಡುವೆ ಕಪ್ಪಾಗಿ ಕೊಳೆಯಬಹುದು. ಅಲ್ಲಿ ಗಂಟೆಗಳ ಲೆಕ್ಕ. ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡಬೇಕು. ಲಿವರ್ ಸಿರೋಸಿಸ್ ಇರುವವರಲ್ಲಿ ವಿಬ್ರಿಯೊ ವಲ್ನಿಫಿಕಸ್ ಎಂಬುದು ಸಮುದ್ರದ ನೀರು ತಾಗಿದ ಗಾಯದಿಂದ, ಇಲ್ಲವೇ ಹಸಿ ಸಿಂಪಿ ತಿಂದದ್ದರಿಂದ ಒಳಬಂದು, ರಕ್ತ ತುಂಬಿದ ಗುಳ್ಳೆ ಎಬ್ಬಿಸಿ ಒಂದೆರಡು ದಿನದಲ್ಲೇ ಜೀವ ತೆಗೆಯಬಹುದು. ಸ್ಪ್ಲೀನ್ ತೆಗೆಸಿಕೊಂಡವರಿಗೆ ನಾಯಿ ಕಚ್ಚಿದರೆ ಕ್ಯಾಪ್ನೊಸೈಟೊಫಾಗಾ ನೆನಪಿರಬೇಕು. ಎಚ್‌ಐವಿಯಲ್ಲಿ ಸಿಡಿ4 ಕಣಗಳು 100ಕ್ಕಿಂತ ಕೆಳಗೆ ಹೋದವರಲ್ಲಿ ಬಾರ್ಟೊನೆಲ್ಲಾ ಚರ್ಮದ ಮೇಲೆ ಕೆಂಪು, ಮುಟ್ಟಿದರೆ ರಕ್ತ ಬರುವ ಗಂಟು ಮಾಡುತ್ತದೆ. ಅದು ಕಪೋಸಿ ಸಾರ್ಕೋಮಾ ಎಂಬ ಗೆಡ್ಡೆಯ ಹಾಗೇ ಕಾಣುತ್ತದೆ.

ನಮ್ಮ ರೋಗಿಯದು ಇವ್ಯಾವುದೂ ಅಲ್ಲ. ನ್ಯೂಟ್ರೊಫಿಲ್ ಸರಿಯಾಗಿವೆ. ಟ್ಯಾಕ್ರೊಲಿಮಸ್ ತಗ್ಗಿಸುವುದು ಟಿ ಕಣಗಳೆಂಬ ಬಿಳಿ ರಕ್ತಕಣಗಳನ್ನು. ಟಿ ಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಸೂಸಿ, ಬ್ಯಾಕ್ಟೀರಿಯಾ ನುಂಗುವ ಕಣಗಳಾದ ಮ್ಯಾಕ್ರೊಫೇಜ್‌ಗಳನ್ನು ಎಬ್ಬಿಸುತ್ತವೆ. ಎಬ್ಬಿಸಿದ ಮ್ಯಾಕ್ರೊಫೇಜ್ ತನ್ನೊಳಗೆ ಅಡಗಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆ ಕೊಂಡಿ ಸಡಿಲವಾದಾಗ ಲಾಭ ಪಡೆಯುವುದು ನಿಧಾನವಾಗಿ ಬೆಳೆಯುವ, ಕಣದೊಳಗೇ ಬದುಕುವ ಬ್ಯಾಕ್ಟೀರಿಯಾಗಳು: ಟಿಬಿ, ಅದೇ ಕುಟುಂಬದ ಇತರ ಮೈಕೋಬ್ಯಾಕ್ಟೀರಿಯಾಗಳು, ನೊಕಾರ್ಡಿಯಾ. ಇಲ್ಲಿ ವಾರಗಳ, ತಿಂಗಳುಗಳ ಲೆಕ್ಕ. ಅಂದರೆ ಸರಿಯಾದ ಮಾದರಿ ತೆಗೆಯಲು ಸಮಯ ಇದೆ. ಆ ಸಮಯವನ್ನು ಊಹೆಯ ಮಾತ್ರೆಗಳಲ್ಲಿ ಕಳೆಯಬಾರದು.

ಎರಡನೇ ಸುಳಿವು ಗಂಟುಗಳು ಎದ್ದ ಜಾಗ. ಪಾದದ ಕೀಲು, ಮೊಣಕೈ, ಬೆರಳಿನ ಗೆಣ್ಣು. ಎದೆ, ಹೊಟ್ಟೆ, ಬೆನ್ನಿನ ಮೇಲೆ ಒಂದೂ ಇಲ್ಲ. ಒಳಗಿನ ದೇಹ 37 ಡಿಗ್ರಿ ಇದ್ದರೂ ಕೈಕಾಲಿನ ತುದಿಯ ಚರ್ಮ ಸಾಮಾನ್ಯವಾಗಿ ಅದಕ್ಕಿಂತ ಹಲವು ಡಿಗ್ರಿ ತಂಪು. ತಂಪಾದ ಕಡೆ ಮಾತ್ರ ಬೆಳೆಯುವ ಕೆಂಪು ಕಡ್ಡಿ ಯಾವುದು?

ಕುಷ್ಠದ ಬ್ಯಾಕ್ಟೀರಿಯಾ ಹಾಗೇ. ಆದರೆ ನರ ದಪ್ಪವಾಗಿರಲಿಲ್ಲ, ಗಂಟಿನ ಮೇಲೆ ಸ್ಪರ್ಶ ಹೋಗಿರಲಿಲ್ಲ, ಹುಣ್ಣುಗಳು ಕೀವು ಸುರಿಸುತ್ತಿದ್ದವು. ಮೈಕೋಬ್ಯಾಕ್ಟೀರಿಯಂ ಮರಿನಮ್ ಹಾಗೇ. ಅದು ಮೀನಿನ ತೊಟ್ಟಿ ತೊಳೆಯುವವರ ಕೈಗೆ ಬರುವುದು ಹೆಚ್ಚು. ಇವರ ಮನೆಯಲ್ಲಿ ಮೀನಿಲ್ಲ. ಮೈಕೋಬ್ಯಾಕ್ಟೀರಿಯಂ ಕೆಲೊನೆ ಎಂಬುದೂ ತಂಪನ್ನೇ ಇಷ್ಟಪಡುತ್ತದೆ, ಆದರೆ ಅದು ಇದ್ದರೆ ಹೊಸ ಮಾದರಿಯಿಂದ ಸಾಮಾನ್ಯ ಮಾಧ್ಯಮದಲ್ಲೂ ಒಂದು ವಾರದ ಆಸುಪಾಸಿನಲ್ಲಿ ಬೆಳೆದು ಗೊತ್ತಾಗುತ್ತದೆ. ಉಳಿದ ಹೆಸರು ಮೈಕೋಬ್ಯಾಕ್ಟೀರಿಯಂ ಹೀಮೋಫಿಲಂ.

ಮೂರನೇ ಸುಳಿವು ಟಿಬಿ ಔಷಧಿಗೆ ಸಿಕ್ಕ ಅರ್ಧ ಫಲ. ಹೀಮೋಫಿಲಂ ಮೇಲೆ ಪೈರಜಿನಮೈಡ್, ಎಥಾಂಬ್ಯುಟಾಲ್ ಕೆಲಸ ಮಾಡುವುದಿಲ್ಲ. ಐಸೋನಿಯಜಿಡ್ ಕೂಡ ಸಾಮಾನ್ಯವಾಗಿ ನಾಟುವುದಿಲ್ಲ. ರಿಫಾಂಪಿಸಿನ್ ಮಾತ್ರ ನಾಟುತ್ತದೆ. ನಾಲ್ಕು ಮಾತ್ರೆ ನುಂಗಿದರೂ ಬ್ಯಾಕ್ಟೀರಿಯಾದ ಪಾಲಿಗೆ ಬಂದದ್ದು ಒಂದೇ ಔಷಧಿ. ಮೈಕೋಬ್ಯಾಕ್ಟೀರಿಯಾಗೆ ಒಂದೇ ಔಷಧಿ ಕೊಟ್ಟರೆ ಮೊದಲು ಸ್ವಲ್ಪ ಇಳಿದು, ಆಮೇಲೆ ಆ ಔಷಧಿಗೂ ಬಗ್ಗದ ಸಂತತಿ ಮೇಲೇಳುವ ಅಪಾಯ ಇದೆ. ‘ಔಷಧಿ ಹಿಡಿಯಿತು, ಆದ್ದರಿಂದ ಟಿಬಿ’ ಎಂಬ ತರ್ಕ ಇಲ್ಲಿ ಮುರಿದುಬೀಳುತ್ತದೆ.

ಎರಡು ಬಾಟಲಿ, ಒಂದು ಫೋನ್ ಕರೆ

ಹೊಸ ಬಯಾಪ್ಸಿಗೆ ಒಡೆದ ಹುಣ್ಣನ್ನು ಆರಿಸಲಿಲ್ಲ. ಮೊಣಕೈ ಮೇಲೆ ಇನ್ನೂ ಚರ್ಮ ಮುಚ್ಚಿಕೊಂಡಿದ್ದ ಗಂಟನ್ನು ಆರಿಸಿದರು. ಒಡೆದ ಹುಣ್ಣಿನಲ್ಲಿ ಹೊರಗಿನ ಬ್ಯಾಕ್ಟೀರಿಯಾಗಳ ಸಂತೆ ಇರುತ್ತದೆ. ಸೂಕ್ಷ್ಮ ಚಾಕುವಿನಿಂದ ಚರ್ಮದ ಕೆಳಗಿನ ಕೊಬ್ಬಿನವರೆಗೂ ಆಳವಾಗಿ ತುಂಡು ತೆಗೆದರು. ಮೇಲ್ಮೈ ಕೆರೆದರೆ ಇಲ್ಲಿ ಸಾಲದು, ಗಂಟಿನ ಬೇರು ಕೊಬ್ಬಿನಲ್ಲಿದೆ.

ತುಂಡನ್ನು ಉದ್ದಕ್ಕೆ ಎರಡಾಗಿ ಸೀಳಿದರು. ಒಂದು ಅರ್ಧ ಫಾರ್ಮಲಿನ್‌ಗೆ. ಇನ್ನೊಂದು ಅರ್ಧ ಸ್ಟೆರೈಲ್ ಸಲೈನ್‌ನಲ್ಲಿ ನೆನೆಸಿದ ಗಾಜ್ ತುಂಡಿನ ಮೇಲೆ, ಬೇರೆ ಬಾಟಲಿಗೆ. ಎರಡನೇ ಬಾಟಲಿಯ ಮೇಲೆ ದೊಡ್ಡದಾಗಿ ‘ಕಲ್ಚರ್, ಫಾರ್ಮಲಿನ್ ಬೇಡ’ (ಕಲ್ಚರ್ ಎಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು) ಎಂದು ಬರೆದು, ಒಂದು ಗಂಟೆಯೊಳಗೆ ಕೈಯಲ್ಲೇ ಲ್ಯಾಬಿಗೆ ತಲುಪಿಸಿದರು. ಇಷ್ಟನ್ನು ಬಿಡಿಸಿ ಹೇಳಲು ಕಾರಣ ಇದೆ. ಇಡೀ ಪ್ರಕರಣ ತಿರುಗಿದ್ದು ದುಬಾರಿ ಯಂತ್ರದಿಂದಲ್ಲ, ಈ ಎರಡನೇ ಬಾಟಲಿಯಿಂದ.

ಜೊತೆಗೆ ಹೋದ ಫಾರಂ ಕೂಡ ಮೊದಲಿನ ಹಾಗಿರಲಿಲ್ಲ. ಹಳೆಯ ಫಾರಂಗಳಲ್ಲಿ ‘ಕಾಲಿನ ಹುಣ್ಣು, ಕಲ್ಚರ್’ ಎಂದಷ್ಟೇ ಇತ್ತು. ಈಗಿನದರಲ್ಲಿ ಹೀಗೆ ಬರೆದಿದ್ದರು: ‘ಕಿಡ್ನಿ ಕಸಿ ಆದವರು. ನಾಲ್ಕು ತಿಂಗಳಿಂದ ಕೈಕಾಲಿನ ಕೀಲುಗಳ ಮೇಲೆ ಗಂಟು. ಹಳೇ ಬಯಾಪ್ಸಿಯಲ್ಲಿ ಆ್ಯಸಿಡ್-ಫಾಸ್ಟ್ ಕಡ್ಡಿಗಳು. ಟಿಬಿ ಜೀನ್ ಪರೀಕ್ಷೆ ನೆಗೆಟಿವ್. ಮೈಕೋಬ್ಯಾಕ್ಟೀರಿಯಂ ಹೀಮೋಫಿಲಂ ಅನುಮಾನ. ದಯವಿಟ್ಟು 30 ಡಿಗ್ರಿಯಲ್ಲೂ 37 ಡಿಗ್ರಿಯಲ್ಲೂ ಇಡಿ, ಹೀಮಿನ್ ಸೇರಿಸಿ, 8 ವಾರ ಕಾಯಿರಿ. ನೊಕಾರ್ಡಿಯಾ ಮತ್ತು ಫಂಗಸ್ ಕಲ್ಚರ್ ಕೂಡ ಬೇಕು.’

ಬರೆದು ಸುಮ್ಮನಾಗಲಿಲ್ಲ. ಲ್ಯಾಬಿನ ಮೇಡಂಗೆ ಫೋನ್ ಕೂಡ ಮಾಡಿದರು. ಅವರು ಹೇಳಿದರು:

“ನಮ್ಮ ಟಿಬಿ ಇನ್‌ಕ್ಯುಬೇಟರ್‌ಗಳೆಲ್ಲ 37ರಲ್ಲೇ ಓಡ್ತಾವೆ ಸರ್. ಆದರೆ ಫಂಗಸ್ ಸೆಕ್ಷನ್‌ನಲ್ಲಿ 30 ಡಿಗ್ರಿದು ಒಂದಿದೆ. ಒಂದು ಸೆಟ್ ಅಲ್ಲಿಡ್ತೀನಿ.”

“ಹೀಮಿನ್ ಇದೆಯಾ ಮೇಡಂ?”

“ಎಕ್ಸ್ ಫ್ಯಾಕ್ಟರ್ ಸ್ಟ್ರಿಪ್ ಇದೆ. ಚಾಕೊಲೇಟ್ ಅಗಾರ್ ಅಂತೂ ದಿನಾ ಮಾಡ್ತೀವಿ. ಎರಡರ ಮೇಲೂ ಹಾಕ್ತೀನಿ. ಆದರೆ ನೀವು ಹೇಳದೇ ಇದ್ದಿದ್ರೆ ಇದನ್ನ ಹೀಗೆ ಹಾಕ್ತಾನೇ ಇರ್ಲಿಲ್ಲ.”

ಮೇಡಂ ಹೇಳಿದ್ದು ಅಕ್ಷರಶಃ ನಿಜ. ಹೀಮೋಫಿಲಂಗೆ ಕಬ್ಬಿಣ ಬೇಕು, ಅದೂ ಹೀಮಿನ್ ಅಥವಾ ಫೆರಿಕ್ ಅಮೋನಿಯಂ ಸಿಟ್ರೇಟ್ ರೂಪದಲ್ಲಿ. ಎಕ್ಸ್ ಫ್ಯಾಕ್ಟರ್ ಎಂದರೂ ಹೀಮಿನ್ನೇ. ಚಾಕೊಲೇಟ್ ಅಗಾರ್ ಎಂದರೆ ಬಿಸಿ ಮಾಡಿದ ರಕ್ತ ಬೆರೆಸಿದ ಮಾಧ್ಯಮ. ಟಿಬಿಗೆ ಬಳಸುವ ಲೋವೆನ್‌ಸ್ಟೀನ್-ಜೆನ್ಸನ್ ಮಾಧ್ಯಮದಲ್ಲಿ ಅದು ಹಾಗೇ ಸಿಗುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಹಿತವಾದ ಬಿಸಿ 30ರಿಂದ 32 ಡಿಗ್ರಿ. 37ರಲ್ಲಿ ಬೆಳೆಯುವುದೇ ಇಲ್ಲ, ಇಲ್ಲವೇ ತೀರ ಕಮ್ಮಿ. ಸಾಮಾನ್ಯ ಕಲ್ಚರ್ ಪ್ಲೇಟುಗಳಲ್ಲಿ ರಕ್ತ ಇದ್ದರೂ ಅವನ್ನು ಎರಡು ಮೂರು ದಿನಕ್ಕೆ ಎಸೆಯುತ್ತಾರೆ. ಇದು ಕಾಣಲು ಎರಡು ಮೂರು ವಾರ ಬೇಕು. ಹೀಗೆ ಟಿಬಿ ವಿಭಾಗದಲ್ಲಿ ಕಬ್ಬಿಣ ಸಿಗದೆ, ಸಾಮಾನ್ಯ ವಿಭಾಗದಲ್ಲಿ ಸಮಯ ಸಿಗದೆ, ಇದು ಎರಡೂ ಕಡೆ ತಪ್ಪಿಸಿಕೊಳ್ಳುತ್ತದೆ. ಲ್ಯಾಬಿನವರ ಅಸಡ್ಡೆ ಅಲ್ಲ ಅದು. ಕೇಳಿದ್ದನ್ನು ಅವರು ಸರಿಯಾಗಿಯೇ ಮಾಡಿರುತ್ತಾರೆ.

ಈ ಬ್ಯಾಕ್ಟೀರಿಯಾದ ಮೊದಲ ವರದಿ 1978ರದ್ದು. ಇಸ್ರೇಲ್‌ನಲ್ಲಿ ಹಾಜ್‌ಕಿನ್ ಕಾಯಿಲೆ (ದುಗ್ಧಗ್ರಂಥಿಗಳ ಒಂದು ಕ್ಯಾನ್ಸರ್) ಇದ್ದ ಒಬ್ಬ ಮಹಿಳೆಯ ಚರ್ಮದ ಹುಣ್ಣಿನಿಂದ ಸೊಂಪೋಲಿನ್ಸ್ಕಿ ಮತ್ತು ಜೊತೆಗಾರರು ಇದನ್ನು ಬೆಳೆಸಿ ವಿವರಿಸಿದರು. ಆಗಲೂ ರೋಗಿಯ ಪ್ರತಿರೋಧ ಕುಗ್ಗಿತ್ತು, ಆಗಲೂ ಚರ್ಮವೇ. ನಂತರ ಎಚ್‌ಐವಿ ಇರುವವರಲ್ಲಿ, ಅಂಗ ಕಸಿ ಮತ್ತು ಮೂಳೆಮಜ್ಜೆ ಕಸಿ ಆದವರಲ್ಲಿ ವರದಿಗಳು ಬಂದವು. ಆರೋಗ್ಯವಾಗಿರುವ ಮಕ್ಕಳಲ್ಲಿ ಕುತ್ತಿಗೆಯ ಗ್ರಂಥಿ ಬಾತುಕೊಳ್ಳುವುದಕ್ಕೂ ಇದು ಒಂದು ಕಾರಣ. ಜೀನ್‌ಗಳ ಲೆಕ್ಕದಲ್ಲಿ ಇದು ಕುಷ್ಠದ ಬ್ಯಾಕ್ಟೀರಿಯಾದ ಹತ್ತಿರದ ಸಂಬಂಧಿ. ಹಾಗಾಗಿ ಬಯಾಪ್ಸಿ ನೋಡಿ ಕುಷ್ಠ ಎಂದುಕೊಳ್ಳುವುದೂ ನಡೆಯುತ್ತದೆ.

ಹತ್ತೊಂಬತ್ತನೇ ದಿನ

ಮೊದಲ ವಾರ ಏನೂ ಇಲ್ಲ. ನೊಕಾರ್ಡಿಯಾ ಇಲ್ಲ, ಫಂಗಸ್ ಇಲ್ಲ. ಎರಡನೇ ವಾರವೂ ಇಲ್ಲ. ರೋಗಿಗೆ ಇದು ಕಷ್ಟದ ಕಾಲ. ಹೊಸ ಔಷಧಿ ಶುರುವಾಗಿಲ್ಲ, ಹುಣ್ಣು ಕಣ್ಣೆದುರೇ ಇದೆ. “ಇನ್ನೂ ಏನೂ ಬಂದಿಲ್ವಾ ಡಾಕ್ಟ್ರೇ?” ಅಂತ ಪ್ರತಿ ಸಲ ಕೇಳುತ್ತಿದ್ದರು. ಯಾಕೆ ಕಾಯುತ್ತಿದ್ದೇವೆ, ಎಷ್ಟು ದಿನ ಕಾಯಬೇಕಾಗಬಹುದು ಎಂಬುದನ್ನು ಮೊದಲ ದಿನವೇ ಹೇಳಿದ್ದರಿಂದ ಅವರ ನಂಬಿಕೆ ಉಳಿಯಿತು ಎಂದು ನನಗೆ ಅನಿಸುತ್ತದೆ. ಈ ಹೊತ್ತಿಗೆ ಉಳಿದ ಪರೀಕ್ಷೆಗಳೂ ಮುಗಿದವು. ಕಾಲಿನ ಎಂಆರ್‌ಐನಲ್ಲಿ ಮೂಳೆಗೆ ಸೋಂಕು ತಗುಲಿರಲಿಲ್ಲ. ಹೀಮೋಫಿಲಂ ಕೀಲು, ಮೂಳೆಗಳಿಗೂ ಇಳಿಯುತ್ತದೆ, ಅದನ್ನು ನೋಡದೆ ಬಿಡುವ ಹಾಗಿಲ್ಲ.

19ನೇ ದಿನ 30 ಡಿಗ್ರಿಯ ಪ್ಲೇಟಿನಲ್ಲಿ ಎಕ್ಸ್ ಫ್ಯಾಕ್ಟರ್ ಸ್ಟ್ರಿಪ್‌ನ ಸುತ್ತ ಮಾಸಲು ಬಿಳಿ ಬಣ್ಣದ ಒರಟು ಚುಕ್ಕೆಗಳು ಕಂಡವು. ಸ್ಟ್ರಿಪ್‌ನಿಂದ ದೂರದಲ್ಲಿ ಒಂದೂ ಇಲ್ಲ. 30 ಡಿಗ್ರಿಯ ಚಾಕೊಲೇಟ್ ಅಗಾರ್ ಮೇಲೂ ಅವೇ ಚುಕ್ಕೆಗಳು. 37 ಡಿಗ್ರಿಯ ಪ್ಲೇಟು ಖಾಲಿ. ಕಬ್ಬಿಣ ಇಲ್ಲದ ಮಾಧ್ಯಮ ಎರಡು ಬಿಸಿಯಲ್ಲೂ ಖಾಲಿ. ಒಂದೇ ತುಂಡಿನ ಅಂಗಾಂಶ ಅದು. ಹಾಕಿದ ಜಾಗಗಳಲ್ಲಿ ಹೆಚ್ಚಿನವು ‘ಬೆಳೆದಿಲ್ಲ’ ಎಂದೇ ಹೇಳುತ್ತಿದ್ದವು. ಚುಕ್ಕೆಗೆ ಬಣ್ಣ ಹಾಕಿ ನೋಡಿದಾಗ ಕೆಂಪು ಕಡ್ಡಿಗಳು. ಜೀನ್ ಅನುಕ್ರಮ ಓದಿಸಿದಾಗ ಮೈಕೋಬ್ಯಾಕ್ಟೀರಿಯಂ ಹೀಮೋಫಿಲಂ ಎಂಬುದು ಖಚಿತವಾಯಿತು.

ಅಂಗಾಂಶದಿಂದ ನೇರವಾಗಿ ಜೀನ್ ಹುಡುಕುವ ಪಿಸಿಆರ್ ಇರುವಲ್ಲಿ ಉತ್ತರ ದಿನಗಳಲ್ಲೇ ಸಿಗಬಹುದು. ಆದರೂ ಕಲ್ಚರ್ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡಲು ಜೀವಂತ ಬ್ಯಾಕ್ಟೀರಿಯಾವೇ ಬೇಕು. ಈ ರೋಗಿಗೆ ರಿಫಾಂಪಿಸಿನ್ ಒಂದೇ ನಾಟುತ್ತಾ ವಾರಗಟ್ಟಲೆ ಹೋಗಿದ್ದರಿಂದ ಅದು ಇನ್ನೂ ಮುಖ್ಯವಾಗಿತ್ತು.

ಚಿಕಿತ್ಸೆ: ಒಂದು ಏರಿಸುತ್ತದೆ, ಒಂದು ಇಳಿಸುತ್ತದೆ

ಹೀಮೋಫಿಲಂಗೆ ಇಷ್ಟೇ ಔಷಧಿ, ಇಷ್ಟೇ ದಿನ ಎಂದು ತೀರ್ಮಾನಿಸುವ ದೊಡ್ಡ ಹೋಲಿಕೆ ಅಧ್ಯಯನಗಳಿಲ್ಲ. ಅನುಭವದಿಂದ ಬಂದ ಪದ್ಧತಿ ಎಂದರೆ ಕ್ಲಾರಿಥ್ರೊಮೈಸಿನ್, ಕ್ವಿನೊಲೋನ್ ಗುಂಪಿನ ಒಂದು ಆ್ಯಂಟಿಬಯೋಟಿಕ್, ರಿಫಾಂಪಿಸಿನ್ ಗುಂಪಿನ (ರಿಫಾಮೈಸಿನ್) ಒಂದು ಔಷಧಿ ಸೇರಿಸಿ ಕೊಡುವುದು. ಅಮಿಕಾಸಿನ್ ಇಂಜೆಕ್ಷನ್ ಕೂಡ ನಾಟುತ್ತದೆ. ಆದರೆ ಅದು ಕಿಡ್ನಿಗೆ ವಿಷ. ಒಂದೇ ಕಸಿ ಕಿಡ್ನಿಯ ಮೇಲೆ ಬದುಕುವವರಿಗೆ ಕೊಡಲು ಕೈ ಬರುವುದಿಲ್ಲ. ರಿಫಾಂಪಿಸಿನ್ ಬದಲು ರಿಫಾಬ್ಯುಟಿನ್ ಆರಿಸಿದರು. ಕಿಣ್ವವನ್ನು ಹೆಚ್ಚಿಸುವ ಗುಣ ಅದಕ್ಕೆ ಕಮ್ಮಿ. ಕ್ವಿನೊಲೋನ್ ಆಗಿ ಮಾಕ್ಸಿಫ್ಲಾಕ್ಸಾಸಿನ್.

ಹೇಳುವಷ್ಟು ಸುಲಭ ಅಲ್ಲ ಇದು. ಟಿಬಿ ಔಷಧಿ ಕಾಲದಲ್ಲಿ ಟ್ಯಾಕ್ರೊಲಿಮಸ್ ಡೋಸ್ ಏರಿಸಿದ್ದರಲ್ಲ, ಈಗ ಅದೇ ದೊಡ್ಡ ಅಪಾಯ. ರಿಫಾಂಪಿಸಿನ್ ನಿಲ್ಲಿಸಿದರೆ ಕಿಣ್ವದ ಅಬ್ಬರ ಇಳಿಯಲು ಸುಮಾರು ಎರಡು ವಾರ ಹಿಡಿಯುತ್ತದೆ. ಕ್ಲಾರಿಥ್ರೊಮೈಸಿನ್ ಅದೇ ಕಿಣ್ವವನ್ನು ಕೆಲವೇ ದಿನಗಳಲ್ಲಿ ಕಟ್ಟಿಹಾಕುತ್ತದೆ. ಏರಿಸಿದ ಡೋಸ್ ಹಾಗೇ ಬಿಟ್ಟರೆ ಟ್ಯಾಕ್ರೊಲಿಮಸ್ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಕೈ ನಡುಕ, ತಲೆನೋವು, ಪೊಟ್ಯಾಸಿಯಂ ಏರುವುದು, ಕೊನೆಗೆ ಉಳಿಸಬೇಕೆಂದು ಹೊರಟ ಕಿಡ್ನಿಗೇ ಏಟು. ಅದಕ್ಕೇ ಕಿಡ್ನಿ ವೈದ್ಯರು, ಸೋಂಕು ವೈದ್ಯರು ಒಟ್ಟಿಗೆ ಕೂತು ಯೋಜನೆ ಮಾಡಿದರು. ಹೊಸ ಔಷಧಿ ಶುರುವಾದ ದಿನದಿಂದಲೇ ಟ್ಯಾಕ್ರೊಲಿಮಸ್ ಕಡಿತ. ಮೊದಲ ಮೂರು ವಾರ ಎರಡು ಮೂರು ದಿನಕ್ಕೊಮ್ಮೆ ರಕ್ತದ ಮಟ್ಟ. ಒಮ್ಮೆ ಮಿಲಿಲೀಟರಿಗೆ 14 ನ್ಯಾನೊಗ್ರಾಂ ಮುಟ್ಟಿತು. ಆ ದಿನ ಎರಡು ಡೋಸ್ ತಡೆಹಿಡಿದರು. ನಾಲ್ಕನೇ ವಾರಕ್ಕೆ 5ರಿಂದ 7ರ ನಡುವೆ ಬಂದು ನಿಂತಿತು. ಕ್ರಿಯಾಟಿನಿನ್ 1.4ಕ್ಕೆ ಇಳಿಯಿತು.

ಇನ್ನೂ ಕೆಲವು ಕಡೆ ಕಣ್ಣಿಡಬೇಕಿತ್ತು. ಕ್ಲಾರಿಥ್ರೊಮೈಸಿನ್ ರಿಫಾಬ್ಯುಟಿನ್ ಮಟ್ಟವನ್ನೂ ಏರಿಸುತ್ತದೆ. ಆಗ ಕಣ್ಣಿನೊಳಗೆ ಉರಿಯೂತ ಬರಬಹುದು. ಅದಕ್ಕೆ ರಿಫಾಬ್ಯುಟಿನ್ ಅನ್ನು ಕಡಿಮೆ ಡೋಸಿನಲ್ಲಿ ಕೊಟ್ಟು, ಕಣ್ಣು ಕೆಂಪಾದರೆ, ನೋವಾದರೆ, ಮಂಜಾದರೆ ಅದೇ ದಿನ ಬನ್ನಿ ಎಂದು ಹೇಳಿದರು. ಕ್ಲಾರಿಥ್ರೊಮೈಸಿನ್, ಮಾಕ್ಸಿಫ್ಲಾಕ್ಸಾಸಿನ್ ಎರಡೂ ಹೃದಯದ ಬಡಿತದಲ್ಲಿ ಕ್ಯೂಟಿ ಅಂತರವನ್ನು (ಇಸಿಜಿಯಲ್ಲಿ ಕಾಣುವ ಒಂದು ಅಳತೆ) ಉದ್ದ ಮಾಡುತ್ತವೆ, ಅದು ಅತಿಯಾದರೆ ಬಡಿತ ತಪ್ಪಬಹುದು. ಶುರು ಮಾಡುವ ಮೊದಲೂ, ಒಂದು ವಾರದ ಮೇಲೂ ಇಸಿಜಿ ಆಯಿತು. ಕೊಲೆಸ್ಟರಾಲ್‌ಗೆ ತೆಗೆದುಕೊಳ್ಳುತ್ತಿದ್ದ ಸ್ಟ್ಯಾಟಿನ್ ನಿಲ್ಲಿಸಿದರು. ಕ್ಲಾರಿಥ್ರೊಮೈಸಿನ್ ಜೊತೆ ಅದು ಸ್ನಾಯುಗಳನ್ನು ಹಾಳು ಮಾಡಬಹುದು. ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಕ್ವಿನೊಲೋನ್ ಕೊಟ್ಟರೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯುವ ಅಪಾಯ ಜಾಸ್ತಿ. ಅಲ್ಲಿ ನೋವು ಶುರುವಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಲು ಹೇಳಿದರು. ಜೊತೆಗೆ ಮೈಕೊಫಿನೊಲೇಟ್ ಡೋಸ್ ಅರ್ಧಕ್ಕೆ ಇಳಿಸಿ, ದೇಹಕ್ಕೆ ತಾನೇ ಹೋರಾಡಲು ಸ್ವಲ್ಪ ಜಾಗ ಮಾಡಿಕೊಟ್ಟರು.

ಆರನೇ ವಾರದ ಹೆದರಿಕೆ

ಗಂಟುಗಳು ಚಪ್ಪಟೆಯಾಗುತ್ತಿದ್ದವು. ಆರನೇ ವಾರ ಇದ್ದಕ್ಕಿದ್ದಂತೆ ಪಾದದ ಹಳೆಯ ಜಾಗ ಕೆಂಪಾಗಿ ಊದಿ, ಮೊದಲ ಬಾರಿಗೆ ನೋವೂ ಬಂತು. ಮೊಣಕೈ ಗಂಟಿನಲ್ಲಿ ಕೀವು ತುಂಬಿತು. “ಔಷಧಿ ಸೋತುಹೋಯ್ತಾ?” ಎಂದು ಮನೆಯವರೆಲ್ಲ ಗಾಬರಿಯಾದರು.

ಸೋತಿರಲಿಲ್ಲ. ಕೀವನ್ನು ಸೂಜಿಯಿಂದ ಎಳೆದು ಮತ್ತೆ 30 ಡಿಗ್ರಿಯಲ್ಲಿ, ಹೀಮಿನ್ ಜೊತೆ ಇಟ್ಟರು. ಎಂಟು ವಾರ ಕಾದರೂ ಏನೂ ಬೆಳೆಯಲಿಲ್ಲ. ಈ ‘ಬೆಳೆದಿಲ್ಲ’ವನ್ನು ನಂಬಬಹುದಿತ್ತು, ಏಕೆಂದರೆ ಬೆಳೆಯಲು ಬೇಕಾದ ಎಲ್ಲವನ್ನೂ ಕೊಟ್ಟಿದ್ದರು. ನಡೆದದ್ದು ಇಷ್ಟು: ಮೈಕೊಫಿನೊಲೇಟ್ ಇಳಿಸಿದ್ದರಿಂದ ಪ್ರತಿರೋಧ ಶಕ್ತಿ ಸ್ವಲ್ಪ ಚೇತರಿಸಿಕೊಂಡಿತು. ಸತ್ತ, ಸಾಯುತ್ತಿರುವ ಬ್ಯಾಕ್ಟೀರಿಯಾಗಳ ಮೇಲೆ ತಡವಾಗಿ ಏರಿಹೋಯಿತು. ಅದುವರೆಗೆ ಕೇಳಿಸದ ಗದ್ದಲ ಈಗ ಕೇಳಿಸಿತು. ಎಚ್‌ಐವಿ ಔಷಧಿ ಶುರು ಮಾಡಿದ ಕೆಲವರಲ್ಲೂ ಇಂಥದ್ದೇ ಆಗುತ್ತದೆ.

ಇಲ್ಲಿ ಔಷಧಿ ಬದಲಿಸಿದ್ದರೆ ಕೆಲಸ ಮಾಡುತ್ತಿದ್ದ ಚಿಕಿತ್ಸೆಯನ್ನೇ ಕಳೆದುಕೊಂಡಂತಾಗುತ್ತಿತ್ತು. ಬದಲಿಸಲಿಲ್ಲ. ಕೆಲವು ವಾರ ಪ್ರೆಡ್ನಿಸೊಲೋನ್ ಸ್ವಲ್ಪ ಏರಿಸಿ ಇಳಿಸಿದರು. ಊತ ಹೋಯಿತು.

ಎಲ್ಲಿಂದ ಬಂತು?

ರೋಗಿ ಕೇಳಿದ ಮುಖ್ಯ ಪ್ರಶ್ನೆ ಇದು. ಹೀಮೋಫಿಲಂ ಎಲ್ಲಿ ವಾಸಿಸುತ್ತದೆ ಎಂಬುದು ಪೂರ್ತಿ ಬಿಡಿಸಿದ ಒಗಟಲ್ಲ. ನೀರಿನ ಮೇಲೆ ಅನುಮಾನ ಬಲವಾಗಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಹುಬ್ಬಿಗೆ ಶಾಶ್ವತ ಮೇಕಪ್ ಹಚ್ಚಿಸಿಕೊಂಡ, ಬೇರೆ ಕಾಯಿಲೆಯಿಲ್ಲದ ಕೆಲವರಿಗೆ ಇದೇ ಸೋಂಕು ಬಂದಾಗ, ಹಚ್ಚಿದವರು ಬಳಸುತ್ತಿದ್ದ ನಲ್ಲಿ ನೀರಿನಲ್ಲೂ ಹೀಮೋಫಿಲಂ ಸಿಕ್ಕಿತು. 2011ರಲ್ಲಿ ಅದು ವರದಿಯಾಯಿತು. ಮನುಷ್ಯರಿಂದ ಮನುಷ್ಯರಿಗೆ ಹರಡಿದ ಪುರಾವೆ ಇಲ್ಲ. ಮನೆಯವರು ಬೇರೆ ತಟ್ಟೆ, ಬೇರೆ ಟವೆಲ್ ಎಂದು ಅವರನ್ನು ದೂರ ಇಡುವ ಅಗತ್ಯವೇ ಇರಲಿಲ್ಲ. ಅದನ್ನು ಮಗಳಿಗೆ ಬಿಡಿಸಿ ಹೇಳಿದಾಗ ಇಬ್ಬರ ಮುಖವೂ ಹಗುರಾಯಿತು.

ಔಷಧಿ ನಿಲ್ಲಿಸುವಾಗ

ಐದನೇ ತಿಂಗಳಿಗೆ ಎಲ್ಲ ಹುಣ್ಣು ಮುಚ್ಚಿ ಕಪ್ಪು ಕಲೆ ಮಾತ್ರ ಉಳಿಯಿತು. ಔಷಧಿ ಮಾತ್ರ 12 ತಿಂಗಳು ಮುಂದುವರಿಯಿತು. ಪ್ರತಿರೋಧ ಕುಗ್ಗಿದವರಲ್ಲಿ ಚರ್ಮ ಚೆನ್ನಾಗಿ ಕಂಡ ಕೂಡಲೇ ನಿಲ್ಲಿಸಿದರೆ ಸೋಂಕು ಮರಳಬಹುದು.

ನಿಲ್ಲಿಸುವ ದಿನಕ್ಕೂ ಯೋಜನೆ ಬೇಕಿತ್ತು. ಕ್ಲಾರಿಥ್ರೊಮೈಸಿನ್ ಹೋದ ಮೇಲೆ ಕಟ್ಟಿಹಾಕಿದ್ದ ಕಿಣ್ವ ಬಿಡುಗಡೆಯಾಗುತ್ತದೆ, ಟ್ಯಾಕ್ರೊಲಿಮಸ್ ಮಟ್ಟ ಇಳಿಯುತ್ತದೆ. ಖುಷಿಯಲ್ಲಿ ಇದನ್ನು ಮರೆತರೆ ಕಿಡ್ನಿ ತಿರಸ್ಕಾರವಾಗುವ ಅಪಾಯ ಇದೆ. ಹಾಗಾಗಿ ನಿಲ್ಲಿಸಿದ ಮೇಲೂ ವಾರಕ್ಕೆ ಎರಡು ಬಾರಿ ಮಟ್ಟ ನೋಡಿ, ಡೋಸನ್ನು ಹಂತ ಹಂತವಾಗಿ ಏರಿಸಿದರು. ಕೊನೆಯ ಭೇಟಿಯಲ್ಲಿ ಕ್ರಿಯಾಟಿನಿನ್ 1.3.

ಮನೆಗೆ ಕಳಿಸುವಾಗ ಹೇಳಿದ್ದು ಇಷ್ಟೇ. ತಿಂಗಳಿಗೊಮ್ಮೆ ಪಾದದ ಕೀಲು, ಮಂಡಿ, ಮೊಣಕೈ, ಗೆಣ್ಣುಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಹೊಸ ಗಂಟು ಕಂಡರೆ ತಾರೀಕು ಸಮೇತ ಫೋಟೊ ತೆಗೆಯಿರಿ. ಹಿಸುಕಬೇಡಿ, ಸೂಜಿ ಚುಚ್ಚಬೇಡಿ. ಹಳೆಯ ಮಾತ್ರೆ ಉಳಿದಿದೆ ಎಂದು ನುಂಗಬೇಡಿ. ಎಲ್ಲಿ ತೋರಿಸಿದರೂ ಕಿಡ್ನಿ ಕಸಿ ಆಗಿದೆ, ಹಿಂದೆ ಹೀಮೋಫಿಲಂ ಬಂದಿತ್ತು ಎಂಬ ಚೀಟಿಯನ್ನು ಮೊದಲು ಕೊಡಿ, ಮತ್ತು ಆ್ಯಂಟಿಬಯೋಟಿಕ್ ಶುರುವಾಗುವ ಮೊದಲು ಕಲ್ಚರ್‌ಗೆ ತುಂಡು ತೆಗೆಯಲು ಕೇಳಿ.